ನೀರಿನ ಎತ್ತರ, ನೀರಿನ ಓಟ

ಸಮುದ್ರದ ಎತ್ತರ ಅಳೆಯಲು ಹೊರಟವರಿಗೆ ಮೊದಲು ಬೇಕಾಗುವುದು ನೆಲದ ಮೇಲಿನ ಒಂದು ಕಲ್ಲು. ಅಲುಗಾಡದ, ಕುಸಿಯದ, ಯಾರೂ ಕಿತ್ತು ಒಯ್ಯದ ಕಲ್ಲು. ಅದರ ತಲೆಯ ಮೇಲಿನ ಗುರುತಿನಿಂದ ಇಷ್ಟು ಕೆಳಗೆ ಎಂದು ಲೆಕ್ಕ ಹಿಡಿದರೇ ನೀರಿನ ಏರಿಳಿತಕ್ಕೆ ಅರ್ಥ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾರವಾರದ ಬೈತಖೋಲ ಬಂದರಿನ ಸುತ್ತ ಲೆವೆಲ್ ಯಂತ್ರ ಹೊತ್ತು ಓಡಾಡಿದ್ದೇ ಹೆಚ್ಚು. ನೀರಿಗೆ ಇಳಿದದ್ದು ಆಮೇಲೆ. ನಮಗೆ ಕಲಿಸಿದ ಹಿರಿಯರ ಕ್ರಮವೇ ಹಾಗಿತ್ತು. ಕಲ್ಲಿನಿಂದ ಹೊರಟು ಅಳತೆ ಕೋಲಿನ ಸೊನ್ನೆಯವರೆಗೆ ಲೆವೆಲ್ ಒಯ್ಯಬೇಕು, ಅಲ್ಲಿಂದ ಮತ್ತೆ ಕಲ್ಲಿಗೇ ವಾಪಸ್ ಬರಬೇಕು, ಹೋದ ಲೆಕ್ಕ ಬಂದ ಲೆಕ್ಕ ಎರಡೂ ಮಿಲಿಮೀಟರಿನ ಮಟ್ಟದಲ್ಲಿ ಕೂಡಬೇಕು. ಕೂಡದಿದ್ದರೆ ಮೊದಲಿನಿಂದ ಶುರು. ಬಿಸಿಲು ಏರಿ ಕಾಂಕ್ರೀಟಿನ ಮೇಲೆ ಗಾಳಿ ನಡುಗತೊಡಗಿದರೆ ದುರ್ಬೀನಿನಲ್ಲಿ ಅಂಕಿಗಳೂ ನಡುಗುತ್ತವೆ. ಅದಕ್ಕೇ ಬೆಳಗಿನ ಜಾವಕ್ಕೆ ಏಳುತ್ತಿದ್ದೆವು.

ಈ ಕಲ್ಲುಗಳ ಕತೆ ಹಳೆಯದು. 1870ರ ದಶಕದಲ್ಲಿ ಸರ್ವೇ ಆಫ್ ಇಂಡಿಯಾದ ಕ್ಯಾಪ್ಟನ್ ಬೇರ್ಡ್ ಕಚ್ಛ್ ಕೊಲ್ಲಿಗೆ ಹೋದದ್ದು ಅಲ್ಲಿಯ ದಂಡೆ ಏಳುತ್ತಿದೆಯೋ ಕುಸಿಯುತ್ತಿದೆಯೋ ನೋಡುವುದಕ್ಕೆ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ ಕೆಲಸ ಬೆಳೆದು ಇಡೀ ಕರಾವಳಿಯ ಭರತ-ಇಳಿತದ ಅಳತೆಯಾಯಿತು. 1878ರಲ್ಲಿ ಮುಂಬಯಿಯ ಅಪೊಲೊ ಬಂದರಿನಲ್ಲಿ ಮಾಪಕ ಶುರುವಾಯಿತು. ಅದೇ ವರ್ಷ ಕಾರವಾರದಲ್ಲೂ ಒಂದು ಕೂತಿತು. ಕಾರವಾರದ್ದು ಸುಮಾರು ಐದು ವರ್ಷ ನಡೆದು ನಿಂತಿತು. ಆದರೆ ಆ ಐದು ವರ್ಷ ಬರಿದಾಗಿ ಹೋಗಲಿಲ್ಲ. 1909ರಲ್ಲಿ ಇಡೀ ದೇಶದ ಎತ್ತರಗಳನ್ನೆಲ್ಲ ಒಂದು ಲೆಕ್ಕಕ್ಕೆ ತರುವಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟವನ್ನು ಸೊನ್ನೆಯೆಂದು ಹಿಡಿದರು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ರೈಲು ನಿಂತಾಗ ಹಳದಿ ಫಲಕದ ಮೂಲೆಯಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಕಾಣುವ ಅಂಕಿಯ ಬೇರು ಹಿಡಿದು ಹೋದರೆ ಆ ಒಂಬತ್ತು ಬಂದರುಗಳಿಗೆ ಮುಟ್ಟುತ್ತೇವೆ. ಅದರಲ್ಲಿ ಒಂದು ಪಾಲು ನಮ್ಮ ಕಾರವಾರದ ನೀರಿನದು. ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಹೆಮ್ಮೆ ಇನ್ನೂ ಹಾಗೇ ಇದೆ.

ನಮ್ಮ ಕಾಲಕ್ಕೆ ಯಂತ್ರಗಳು ಬಂದಿದ್ದವು. ಆದರೂ ಯಂತ್ರದ ಪಕ್ಕದಲ್ಲಿ ಒಂದು ಅಳತೆ ಕೋಲು ಇರಲೇಬೇಕು, ಅದನ್ನು ಮನುಷ್ಯರೇ ಓದಬೇಕು ಎನ್ನುವುದು ನಿಯಮ. ಧಕ್ಕೆಯ ಕಂಬಕ್ಕೆ ಬಿಗಿದ ಮರದ ಉದ್ದ ಹಲಗೆ, ಅದರ ಮೇಲೆ ಕಪ್ಪು-ಬಿಳಿ ಪಟ್ಟಿ, ಅಂಕಿ. ಹದಿನೈದು ನಿಮಿಷಕ್ಕೊಮ್ಮೆ ಓದು. ನೀರು ಒಂದೇ ಕಡೆ ನಿಲ್ಲುವುದಿಲ್ಲವಲ್ಲ, ಅಲೆಯ ತಲೆ ಎಲ್ಲಿಗೆ ಮುಟ್ಟಿತು, ಅಲೆಯ ತಗ್ಗು ಎಲ್ಲಿಗೆ ಇಳಿಯಿತು ಎಂದು ಒಂದೆರಡು ನಿಮಿಷ ಬಿಡದೆ ನೋಡಿ ನಡುವಿನ ಅಂಕಿ ಬರೆಯಬೇಕು. ಬರೆಯುವುದು ಪೆನ್ಸಿಲಿನಲ್ಲೇ, ಯಾಕೆಂದರೆ ಶಾಯಿ ಉಪ್ಪುನೀರಿಗೆ ನಿಲ್ಲುವುದಿಲ್ಲ. ರಾತ್ರಿ ಟಾರ್ಚು ಹಿಡಿದು ಬಗ್ಗಿ ನೋಡುವಾಗ ಬೆಳಕು ನೀರಿಗೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಓರೆಯಾಗಿ ಹಿಡಿದರೆ ಹಲಗೆಯ ಮೇಲೆ ಒದ್ದೆ ಎಲ್ಲಿಗೆ ಮುಗಿದು ಒಣಗಿದ್ದು ಎಲ್ಲಿ ಶುರುವಾಗುತ್ತದೆ ಅನ್ನುವುದು ಸ್ಪಷ್ಟ ಕಾಣುತ್ತದೆ. ಕೆಲವೇ ವಾರಗಳಲ್ಲಿ ಹಲಗೆಯ ಕೆಳಭಾಗಕ್ಕೆ ಬಿಳಿ ಚಿಪ್ಪುಗಳು ಕಚ್ಚಿಕೊಂಡು ಅಂಕಿಗಳನ್ನು ನುಂಗಿಬಿಡುತ್ತಿದ್ದವು. ದೊಡ್ಡ ಇಳಿತದ ಹೊತ್ತು ಕಾದು, ದೋಣಿಯಲ್ಲಿ ನಿಂತು, ಬಣ್ಣ ಹೋಗದ ಹಾಗೆ ಚೂರಿಯಿಂದ ಅವನ್ನು ಹೆರೆಯುವುದು ನಮ್ಮ ಪಾಲಿನ ಕೆಲಸ. ಬೆರಳು ಕೊಯ್ದುಕೊಳ್ಳದವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ.

ಯಂತ್ರವೆಂದರೆ ಆಗ ಒಂದು ದಪ್ಪ ಪೈಪು, ಅದರೊಳಗೆ ತೇಲುವ ಬುರುಡೆ, ಬುರುಡೆಗೆ ತಂತಿ, ತಂತಿಗೆ ಗಾಲಿ, ಗಾಲಿಗೆ ಸೇರಿದ ಪೆನ್ನು, ಗಡಿಯಾರದ ಮೇಲೆ ಸುತ್ತುವ ಕಾಗದ. ಜಾಣತನವೆಲ್ಲ ಪೈಪಿನ ಅಡಿಯ ತೂತಿನಲ್ಲಿದೆ. ತೂತು ಸಣ್ಣದು. ಕೆಲವೇ ಸೆಕೆಂಡಿನಲ್ಲಿ ಬಂದು ಹೋಗುವ ಅಲೆಗೆ ಒಳಗೆ ನುಗ್ಗಲು ಪುರುಸೊತ್ತಿಲ್ಲ. ಗಂಟೆಗಟ್ಟಲೆ ಏರುವ ಭರತಕ್ಕೆ ಪುರುಸೊತ್ತು ಬೇಕಾದಷ್ಟಿದೆ. ಹಾಗಾಗಿ ಹೊರಗೆ ಎಷ್ಟೇ ಗಲಾಟೆಯಿದ್ದರೂ ಪೈಪಿನೊಳಗಿನ ನೀರು ಸಾವಕಾಶ ಏರಿ ಸಾವಕಾಶ ಇಳಿಯುತ್ತದೆ. ಕಾಳಿ ನದಿಯ ಕೆಸರು ಆ ತೂತನ್ನು ಕಟ್ಟಿಹಾಕಿದರೆ ಮಾತ್ರ ಕಾಗದದ ಮೇಲಿನ ಗೆರೆ ಚಪ್ಪಟೆಯಾಗುತ್ತದೆ, ತಡವಾಗುತ್ತದೆ. ಆಗ ಅದು ಸುಳ್ಳು ಹೇಳುತ್ತಿದೆ ಎಂದು ತೋರಿಸಿಕೊಡುವುದು ಪಕ್ಕದ ಕೋಲೇ.

ಕಾರವಾರದಲ್ಲಿ ಹುಣ್ಣಿಮೆ-ಅಮಾವಾಸ್ಯೆಗೆ ನೀರು ಎರಡು ಮೀಟರಿನ ಆಸುಪಾಸಿಗೆ ಏರಿಳಿಯುತ್ತದೆ, ಅಷ್ಟಮಿಯ ಸುತ್ತ ಅದಕ್ಕಿಂತ ಬಹಳ ಕಡಿಮೆ. ಒಂದು ಭರತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ದಿನಕ್ಕೆ ಎರಡು ಭರತ, ಆದರೆ ಎರಡೂ ಸಮ ಅಲ್ಲ, ಒಂದು ಎತ್ತರ, ಒಂದು ಗಿಡ್ಡ. ಚಂದ್ರ ಭೂಮಿಯ ನಡುಗೆರೆ ಬಿಟ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದುವ ಮೊದಲೇ ಕುಮಟೆಯ ಕಡೆ ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರಿಂದ ಕೇಳಿದ್ದೆ. ಅವರ ಕೈಯಲ್ಲಿ ಭರತದ ಪಟ್ಟಿ ಇರಲಿಲ್ಲ, ಇದ್ದದ್ದು ತಿಥಿ. ಯಾವ ತಿಂಗಳಾದರೂ ಒಂದೇ ತಿಥಿಗೆ ಭರತ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹದಿನೈದು ದಿನಕ್ಕೆ ಮತ್ತೆ ಹಳೆಯ ಹೊತ್ತಿಗೇ ಬಂದು ನಿಲ್ಲುತ್ತದೆ. ‘ಈಗ ಆಳದ ಇಳಿತ ಎಲ್ಲ ರಾತ್ರಿಗೆ ಬೀಳ್ತದೆ ತಂಗಿ, ಹಗಲಿಗೆ ಬರೋಕೆ ಇನ್ನೂ ತಿಂಗಳು ಬೇಕು’ ಅಂದಿದ್ದರು ಒಬ್ಬರು ವಯಸ್ಸಾದ ಅಮ್ಮ. ವರ್ಷದ ಅರ್ಧ ಭಾಗ ದೊಡ್ಡ ಇಳಿತ ಹಗಲಿಗೂ ಉಳಿದರ್ಧ ರಾತ್ರಿಗೂ ಸರಿಯುವುದನ್ನು ನಾವು ಪೂರ್ತಿ ವರ್ಷದ ಕಾಗದ ಬಿಡಿಸಿಟ್ಟು ಕಂಡುಕೊಂಡೆವು. ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರೂ ಹಾಗೇ. ಏರಿಯ ಬಾಗಿಲ ಹಲಗೆ ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಎನ್ನುವುದು ಅವರಿಗೆ ಪಂಚಾಂಗ ನೋಡಿಯೇ ಗೊತ್ತು.

ಇವರ ಲೆಕ್ಕವೂ ನಮ್ಮ ಲೆಕ್ಕವೂ ಒಂದೇ ಚಂದ್ರ-ಸೂರ್ಯರ ಲೆಕ್ಕ. ನಮ್ಮದು ಇನ್ನಷ್ಟು ಎಳೆಗಳನ್ನು ಬಿಡಿಸುತ್ತದೆ, ಅಷ್ಟೆ. ಭರತ-ಇಳಿತದ ಗೆರೆಯನ್ನು ಬೇರೆ ಬೇರೆ ಅವಧಿಯ ಎಳೆಗಳಾಗಿ ಬಿಡಿಸುವ ಕ್ರಮವನ್ನು ಬೆಳೆಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ಬಿಡಿಸಿದ ಎಳೆಗಳನ್ನು ಮತ್ತೆ ಕೂಡಿಸಿ ಮುಂದಿನ ವರ್ಷದ ಭರತವನ್ನು ಬರೆದುಕೊಡುವ ಗಾಲಿಗಳ ಯಂತ್ರವನ್ನೂ ಅವರೇ ಯೋಚಿಸಿದರು. ಅಂಥದೊಂದು ಯಂತ್ರವನ್ನು ಎಡ್ವರ್ಡ್ ರಾಬರ್ಟ್ಸ್ 1879ರಲ್ಲಿ ಭಾರತದ ಬಂದರುಗಳಿಗೆಂದೇ ಮಾಡಿಸಿದರು. ಯಂತ್ರ ಇದ್ದದ್ದು ಲಂಡನ್ನಿನಲ್ಲಿ. ನಮ್ಮ ಕಡಲಿನ ಮುಂದಿನ ವರ್ಷದ ಭರತ ಅಲ್ಲಿ ಲೆಕ್ಕವಾಗಿ, ಅಚ್ಚಾಗಿ, ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು.

ಈ ಎಳೆ ಬಿಡಿಸುವ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಷರತ್ತಿದೆ, ನನ್ನ ಇಡೀ ವೃತ್ತಿ ನಿಂತದ್ದು ಅದರ ಮೇಲೆ. ಚಂದ್ರನ ಮುಖ್ಯ ಎಳೆ 12 ಗಂಟೆ 25 ನಿಮಿಷದ್ದು, ಸೂರ್ಯನದು ಸರಿಯಾಗಿ 12 ಗಂಟೆಯದು. ಎರಡೂ ಜೊತೆಗೂಡುವುದು, ದೂರವಾಗುವುದು, ಮತ್ತೆ ಕೂಡುವುದು ಒಂದು ಪಕ್ಷದ ಆಟ. ಹಾಗಾಗಿ ಹದಿನೈದು ದಿನಕ್ಕಿಂತ ಕಡಿಮೆ ಅಳೆದರೆ ಚಂದ್ರನ ಪಾಲು ಎಷ್ಟು, ಸೂರ್ಯನದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಇನ್ನೂ ಹತ್ತಿರದ ಎಳೆಗಳಿವೆ, ಅವು ಬೇರಾಗಬೇಕಾದರೆ ಆರು ತಿಂಗಳು, ವರ್ಷ ಬೇಕು. ಚಂದ್ರನ ಪಥವೇ ತಿರುಗುವ ಒಂದು ಚಕ್ರವಿದೆ, ಅದು ಸುತ್ತು ಮುಗಿಸುವುದಕ್ಕೆ 18.6 ವರ್ಷ. ಕಡಲಿನ ಮಟ್ಟವೇ ಮೆಲ್ಲಗೆ ಏರುತ್ತಿದೆಯೇ ಎಂದು ಕೇಳಿದರೆ ಅದಕ್ಕೂ ಹೆಚ್ಚು. ಮುಂಬಯಿಯ ಮಾಪಕ 1878ರಿಂದ ತಲೆಮಾರುಗಳ ಕಾಲ ಬರೆಯುತ್ತಲೇ ಇದ್ದದ್ದರಿಂದ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯ ನೀರು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಏರುತ್ತ ಬಂದಿದೆ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ಕಾರವಾರದ ಮೊದಲ ಮಾಪಕವೂ ಅಂದಿನಿಂದ ಹಾಗೆಯೇ ಎಡೆಬಿಡದೆ ನಡೆದಿದ್ದರೆ ಇಂದು ನಮ್ಮ ಕರಾವಳಿಯ ಪ್ರತಿ ಊರಿಗೂ ಅದು ಎಂಥ ಆಸರೆಯಾಗುತ್ತಿತ್ತು! ಎಷ್ಟು ಹೊತ್ತು ಕೂತು ನೋಡುತ್ತೀರೋ ಅಷ್ಟನ್ನೇ ಕಡಲು ಬಿಟ್ಟುಕೊಡುತ್ತದೆ, ಅವಸರದವರಿಗೆ ಅದು ಅರ್ಧ ಉತ್ತರ ಕೊಟ್ಟು ಕಳಿಸುತ್ತದೆ ಎನ್ನುವುದನ್ನು ನಾನು ಲೆಕ್ಕದಿಂದಲೂ ಮೈಯಿಂದಲೂ ಕಲಿತೆ.

ಎತ್ತರ ಅಳೆಯುವುದು ಸುಲಭದ ಭಾಗ. ನೀರಿನ ಓಟ ಅಳೆಯುವುದಿದೆಯಲ್ಲ, ಅದು ಬೇರೆಯೇ. ಕಾಳಿ ಕಡಲಿಗೆ ಸೇರುವ ಕಡೆ, ಕೂರ್ಮಗಡ ದೇವಗಡಗಳ ಒಳಬದಿಯಲ್ಲಿ, ಹತ್ತು ಮೀಟರಿಗೂ ಕಡಿಮೆ ಆಳದಲ್ಲಿ ನಾವು ಓಟಮಾಪಕ ಇಳಿಸುತ್ತಿದ್ದೆವು. ಅಡಿಗೆ ಭಾರಕ್ಕೆ ಗುಜರಿಗೆ ಹೋದ ರೈಲು ಗಾಲಿ. ಅದಕ್ಕೆ ಹಗ್ಗ, ಹಗ್ಗದ ನಡುವೆ ಮಾಪಕ, ಅದರ ಮೇಲೆ ನೀರಿನೊಳಗೇ ನಿಂತು ಹಗ್ಗವನ್ನು ನೆಟ್ಟಗೆ ಹಿಡಿಯುವ ಬೋಯಾ. ಪಕ್ಕದಲ್ಲಿ ಇನ್ನೊಂದು ಭಾರ, ಅದಕ್ಕೆ ಮೇಲೆ ಕಾಣುವ ಗುರುತಿನ ಬೋಯಾ. ಮಾಪಕ ನಾರ್ವೆಯ ಆಂಡೆರಾ ಕಂಪನಿಯದು. ತಿರುಗುವ ರೆಕ್ಕೆಗಳ ಸಣ್ಣ ಪೀಪಾಯಿ ಅದರ ತಲೆಗಿತ್ತು. ಫಿನ್ಲೆಂಡಿನ ಸವೋನಿಯಸ್ ಎಂಬ ಎಂಜಿನಿಯರ್ ರೂಪಿಸಿದ ಬಗೆ. ಹಿಂದೆ ಬಾಲದ ದೊಡ್ಡ ಹಲಗೆ, ಅದು ಇಡೀ ಮಾಪಕವನ್ನು ನೀರು ಓಡುವ ದಿಕ್ಕಿಗೆ ತಿರುಗಿಸುತ್ತದೆ. ಒಳಗಿನ ದಿಕ್ಸೂಚಿ ಆ ದಿಕ್ಕನ್ನು ಓದುತ್ತದೆ. ಪೀಪಾಯಿ ಎಷ್ಟು ಸುತ್ತು ತಿರುಗಿತು ಎನ್ನುವುದು ಹತ್ತು ನಿಮಿಷಕ್ಕೊಮ್ಮೆ ಕಂದು ಬಣ್ಣದ ಟೇಪಿನ ಸುರುಳಿಗೆ ಹತ್ತುತ್ತದೆ.

ಆಳದ ಕಡಲಿನಲ್ಲಿ ಇದು ಬಂಗಾರದಂಥ ಮಾಪಕ. ಆಳವಿಲ್ಲದ ಕಡಲಿನಲ್ಲಿ ಅದಕ್ಕೊಂದು ತೊಡಕಿದೆ. ಅಲೆಯ ಅಡಿಯಲ್ಲಿ ನೀರು ಮುಂದಕ್ಕೂ ಹಿಂದಕ್ಕೂ ತೂಗುತ್ತದೆ, ಆಳ ಕಡಿಮೆಯಿದ್ದರೆ ಆ ತೂಗಾಟ ತಳದವರೆಗೂ ಮುಟ್ಟುತ್ತದೆ. ಪೀಪಾಯಿಗೆ ದಿಕ್ಕಿನ ಹಂಗಿಲ್ಲ. ನೀರು ಯಾವ ಕಡೆಯಿಂದ ತಳ್ಳಿದರೂ ಅದು ಒಂದೇ ಬದಿಗೆ ಸುತ್ತುತ್ತದೆ. ಹೀಗೆ ಮುಂದೆ ಹೋಗಿ ಹಿಂದೆ ಬಂದು ಎಲ್ಲಿಯೂ ಹೋಗದ ನೀರೂ ಓಡಿದ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಗಾಳಿಯ ದಿನ ಬಂದ ಅಂಕಿಯನ್ನು ಹಾಗೇ ನಂಬಿದರೆ ಇಲ್ಲದ ಸೆಳೆತವನ್ನು ಇದೆ ಎಂದು ಬರೆದ ಹಾಗೆ. ಆದ್ದರಿಂದ ಅಲೆಯನ್ನೂ ಜೊತೆಗೇ ಅಳೆಯಬೇಕು, ಗಾಳಿಯನ್ನೂ ಅಳೆಯಬೇಕು, ನದಿಯಲ್ಲಿ ಎಷ್ಟು ನೀರು ಬರುತ್ತಿದೆ ಎಂದೂ ತಿಳಿದಿರಬೇಕು. ಆಳದ ಕಡಲಿನಲ್ಲಿ ಒಂದೊಂದೂ ತನ್ನ ಪಾಡಿಗೆ ತಾನಿರುವ ಸಂಗತಿಗಳು ಇಲ್ಲಿ ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಭರತವೇ ಬೇರೆ ಆಕಾರ ತಾಳುತ್ತದೆ: ನೀರು ತುಂಬಿದಾಗ ಆಳ ಹೆಚ್ಚು, ಹಾಗಾಗಿ ಭರತದ ತಲೆ ಬೇಗ ಚಲಿಸುತ್ತದೆ. ಇಳಿದಾಗ ಆಳ ಕಡಿಮೆ, ತಗ್ಗು ಹಿಂದೆ ಬೀಳುತ್ತದೆ. ಅಳಿವೆಯ ಒಳಗೆ ಹೋದಷ್ಟೂ ಏರುವುದು ಚುರುಕು, ಇಳಿಯುವುದು ನಿಧಾನ.

ನಮ್ಮ ದೋಣಿ ನಡೆಸುವ ತಾಂಡೇಲರು ಹರಿಕಾಂತರ ಮನೆಯವರು. ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ರಂಪಣಿ ಬಲೆ ಎಳೆದು ಬೆಳೆದವರು, ಆಮೇಲೆ ಸ್ವಂತ ಬಲೆ. ಮಾಪಕವನ್ನು ಎಲ್ಲಿ ಇಳಿಸಬೇಕು ಎಂದು ನಾವು ನಕ್ಷೆ ಬಿಡಿಸಿದರೆ ಅವರು ನೀರು ನೋಡುತ್ತಿದ್ದರು. ‘ಇಲ್ಲಿ ಬೇಡ ತಂಗಿ. ಮೇಲಿನ ನೀರು ಹೊರಗೆ ಹೋಗ್ತದೆ, ಅಡಿ ನೀರು ಒಳಗೆ ಬರ್ತದೆ. ಬಲೆ ಬಿಟ್ರೆ ಗೊತ್ತಾಗ್ತದೆ, ಮೇಲಿನ ಹಗ್ಗ ಒಂದು ಬದಿ, ಅಡಿಯ ಹಗ್ಗ ಒಂದು ಬದಿ.’ ಒಂದೇ ಮಾಪಕ ಇಳಿಸಲು ಹೊರಟಿದ್ದ ನಾವು ಅವರ ಮಾತಿನಿಂದಲೇ ಮೇಲೊಂದು ಕೆಳಗೊಂದು ಇಳಿಸಿದೆವು. ನದಿಯ ಸಿಹಿನೀರು ಹಗುರ, ಕಡಲಿನ ಉಪ್ಪುನೀರು ಭಾರ. ಒಂದು ಮೇಲೆ ಹೊರಗೂ ಇನ್ನೊಂದು ಕೆಳಗೆ ಒಳಗೂ ಏಕಕಾಲಕ್ಕೆ ಹರಿಯುವುದು ಎರಡು ಟೇಪುಗಳಲ್ಲೂ ಸ್ಪಷ್ಟವಾಗಿ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕೈಯನ್ನು ನೀರಿಗಿಟ್ಟು ‘ಅಡಿಯ ತಂಪು ನೀರು ದಂಡೆಗೆ ಬಂದಿದೆ’ ಎನ್ನುವರು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ದಂಡೆಯುದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ, ಆಳದ ತಣ್ಣಗಿನ, ಆಮ್ಲಜನಕ ಕಡಿಮೆಯಿರುವ ನೀರು ಮೇಲೆದ್ದು ದಂಡೆಯ ಹತ್ತಿರ ಸೇರುತ್ತದೆ. ಚಳಿಗಾಲಕ್ಕೆ ಅದೇ ಹರಿವು ಉತ್ತರಕ್ಕೆ ತಿರುಗುತ್ತದೆ. ಮಾಪಕದ ಗೆರೆಯಿಂದ ಭರತ-ಇಳಿತದ ಎಳೆಗಳನ್ನೆಲ್ಲ ಕಳೆದ ಮೇಲೆ ಅಡಿಯಲ್ಲಿ ಉಳಿಯುವುದು ಈ ನಿಧಾನದ ಹರಿವು. ಅದಕ್ಕೆ ಕಾರಣವಾದ ಗಾಳಿ ಕಾರವಾರದಲ್ಲೇ ಬೀಸಿರಬೇಕೆಂದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಏರಿಳಿತವೂ ಶ್ರೀಲಂಕಾ ಸುತ್ತಿಕೊಂಡು ದಂಡೆ ಹಿಡಿದು ಇಲ್ಲಿಯವರೆಗೆ ಬರುತ್ತದೆ.

ಮಾಪಕ ಇಳಿಸಿ ಬಂದ ಮೇಲೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿ ಟ್ರಾಲರುಗಳು ತಳ ಗೋರುತ್ತ ಹೋಗುತ್ತವೆ, ಗುರುತಿನ ಬೋಯಾ ಕಂಡರೆ ಸರಿ, ಕಾಣದಿದ್ದರೆ ಹಗ್ಗ, ಮಾಪಕ, ರೈಲು ಗಾಲಿ ಎಲ್ಲವೂ ಬಲೆಗೆ ಸಿಕ್ಕಿ ಹೋಗುತ್ತವೆ. ಒಮ್ಮೆ ಹಾಗೆಯೇ ಆಯಿತು. ವಾರಗಳ ದಾಖಲೆ ಹೋಯಿತು. ಬಲೆ ಹರಿದವರಿಗೂ ನಷ್ಟವೇ, ಅವರನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಕಾಕಾ ಬಂದರಿನಲ್ಲಿ ಎಲ್ಲರನ್ನೂ ಕೇಳಿ, ಚಹಾ ಕುಡಿಸಿ, ಕೊನೆಗೆ ಮಾಪಕ ಸಿಕ್ಕವರ ಮನೆಯಿಂದಲೇ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದುಕೊಟ್ಟರು. ಟೇಪು ಒದ್ದೆಯಾಗಿರಲಿಲ್ಲ. ಎಳೆದುಕೊಂಡು ಹೋದ ಗಳಿಗೆಯವರೆಗಿನ ಅಂಕಿಗಳು ಪೂರ್ತಿ ಇದ್ದವು. ಅಂದಿನಿಂದ ಪ್ರತಿ ಸಲವೂ ಇಳಿಸುವ ಮೊದಲು ಮೀನುಗಾರರ ಸಭೆಗೆ ಹೋಗಿ ಜಾಗ ತೋರಿಸುವುದು, ಯಾಕೆ ಬೇಕು ಎಂದು ವಿವರಿಸುವುದು ನಮ್ಮ ಕ್ರಮವಾಯಿತು. ಈ ವಿವರಣೆ ಕೇಳಿದವರೇ ಮುಂದೆ ನಮ್ಮ ಬೋಯಾ ಕಾದರು.

ಆಳವಿಲ್ಲದ ಕಡಲಿನ ಪೂರ್ಣ ಶಕ್ತಿಯನ್ನು ನಾನು ನೋಡಿದ್ದು ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದಷ್ಟೂ ಭರತ ದೊಡ್ಡದು. ಕೊಚ್ಚಿಯಲ್ಲಿ ಒಂದು ಮೀಟರಿನ ಸುತ್ತ, ಕಾರವಾರದಲ್ಲಿ ಎರಡು, ಮುಂಬಯಿಯಲ್ಲಿ ಐದರ ಹತ್ತಿರ, ಭಾವನಗರದಲ್ಲಿ ಹತ್ತು ಮೀಟರ್ ದಾಟುತ್ತದೆ. ಕಾರಣ ನೀರಿನಡಿಯ ನೆಲದಲ್ಲಿದೆ. ದಂಡೆಯಿಂದ ಆಳಕ್ಕೆ ಧುಮುಕುವ ಮೊದಲಿನ ಆಳವಿಲ್ಲದ ಹಾಸು ಕಾರವಾರದ ಮುಂದೆ ನೂರು ಕಿಲೋಮೀಟರಿಗೆ ಹೆಚ್ಚುಕಡಿಮೆ, ಮುಂಬಯಿ-ಖಂಭಾತಿನ ಮುಂದೆ ಮುನ್ನೂರು ದಾಟುತ್ತದೆ. 4,000 ಮೀಟರ್ ಆಳದಲ್ಲಿ ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ಬರುವ ಭರತದ ಅಲೆ 20 ಮೀಟರ್ ಆಳಕ್ಕೆ ಬಂದಾಗ ಗಂಟೆಗೆ 50 ಕಿಲೋಮೀಟರಿಗೆ ಇಳಿಯುತ್ತದೆ. ವೇಗ ಕಳೆದುಕೊಂಡದ್ದು ಎತ್ತರವಾಗಿ ಏಳುತ್ತದೆ. ಮೇಲಾಗಿ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ, ಮತ್ತು ಆ ಹಾಸಿನ ಉದ್ದಕ್ಕೂ ಆಳಕ್ಕೂ ತಕ್ಕಂತೆ ನೀರಿನ ತೂಗಾಟದ ಸಹಜ ಅವಧಿ ಚಂದ್ರನ ಎಳೆಯ ಅವಧಿಗೆ ಸಮೀಪ ಬರುತ್ತದೆ. ಜೋಕಾಲಿಯನ್ನು ಅದು ಬರುವ ಹೊತ್ತಿಗೇ ತಳ್ಳಿದರೆ ಏರುತ್ತ ಹೋಗುವ ಹಾಗೆ ಇಲ್ಲಿ ಭರತ ಏರುತ್ತದೆ.

ಕಾಗದದ ಮೇಲಿನ ಈ ಲೆಕ್ಕ ಘೋಘಾದ ದಂಡೆಯಲ್ಲಿ ಕಣ್ಣೆದುರಿಗೆ ಬಂದಾಗ ಉಸಿರು ಬಿಗಿಹಿಡಿದು ನಿಂತಿದ್ದೆ. ಹತ್ತು ಮೀಟರಿನ ಏರಿಳಿತವೆಂದರೆ ನಡುವಿನ ಹೊತ್ತಿನಲ್ಲಿ ಗಂಟೆಗೆ ಎರಡೂವರೆ ಮೀಟರ್ ವೇಗದಲ್ಲಿ ಮಟ್ಟ ಬದಲಾಗುತ್ತದೆ. ನೀರು ಕೆಸರಿನ ಮೇಲಿಂದ ಹಿಂದೆ ಸರಿಯುವುದನ್ನು ಕೂತಲ್ಲಿಂದ ನೋಡಬಹುದು. ಲಂಗರು ಹಾಕಿ ತೇಲುತ್ತಿದ್ದ ದೋಣಿ ಊಟ ಮುಗಿಸುವಷ್ಟರಲ್ಲಿ ಕೆಸರಿನ ಮೇಲೆ ಕೂತಿರುತ್ತದೆ. ಒಂದೇ ಅಳತೆ ಕೋಲು ಇಲ್ಲಿ ಸಾಲದು. ದಂಡೆಯಿಂದ ಕೆಳಗೆ ಸಾಲಾಗಿ ಕೋಲು ನೆಟ್ಟು, ಒಂದರ ಬುಡ ಇನ್ನೊಂದರ ತುದಿಗಿಂತ ತುಸು ಕೆಳಗಿರುವಂತೆ ಲೆವೆಲ್ ಕೂಡಿಸಿ, ನೀರು ಇಳಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಓಡಬೇಕು. ನೀರು ಎರಡೂ ಕೋಲುಗಳನ್ನು ಮುಟ್ಟಿರುವ ಹೊತ್ತಿನಲ್ಲಿ ಎರಡನ್ನೂ ಓದಬೇಕು, ಆಗ ತಾಳೆ ನೋಡಬಹುದು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಪುಸ್ತಕ, ಹಿಂದೆ ಬರುತ್ತಿರುವ ಭರತ. ನೀರು ತಿರುಗುವ ಗಳಿಗೆ ತಪ್ಪಿದರೆ ದಂಡೆಗೆ ವಾಪಸಾಗುವುದು ಕಷ್ಟ ಎಂದು ಅಲ್ಲಿಯ ಮೀನುಗಾರರು ಮೊದಲ ದಿನವೇ ಗಟ್ಟಿಯಾಗಿ ಹೇಳಿದ್ದರು. ಅವರ ಸೀಟಿ ಕೇಳಿದೊಡನೆ ಬಿಟ್ಟು ಓಡುತ್ತಿದ್ದೆವು.

ಓಟದ ಮಾಪಕ ಅಲ್ಲಿ ಇನ್ನೊಂದು ಪಾಠ. ಸೆಕೆಂಡಿಗೆ ಮೂರು ಮೀಟರ್ ಮುಟ್ಟುವ ಸೆಳೆತಕ್ಕೆ ನೀರಿನೊಳಗಿನ ಬೋಯಾ ಮಲಗಿಬಿಡುತ್ತದೆ, ಹಗ್ಗ ಓರೆಯಾಗುತ್ತದೆ, ಐದು ಮೀಟರ್ ಆಳದಲ್ಲಿರಬೇಕಾದ ಮಾಪಕ ಇನ್ನೆಲ್ಲೋ ಇರುತ್ತದೆ. ಎಲ್ಲಿತ್ತು ಎನ್ನುವುದನ್ನೂ ಅಳೆಯದಿದ್ದರೆ ಎಷ್ಟು ಓಟ ಎನ್ನುವ ಅಂಕಿಗೆ ಬೆಲೆಯಿಲ್ಲ. ಭರತ ನಿಂತು ಇಳಿತ ಶುರುವಾಗುವ ನಡುವಿನ ಕೆಲವೇ ನಿಮಿಷಗಳಲ್ಲಿ ಇಳಿಸುವುದು, ಎತ್ತುವುದು ಎಲ್ಲ ಮುಗಿಯಬೇಕು. ಗ್ರೀಕ್ ವರ್ತಕನೊಬ್ಬ ಕ್ರಿಸ್ತಶಕ ಮೊದಲ ಶತಮಾನದಲ್ಲಿ ಬರೆದ ‘ಪೆರಿಪ್ಲಸ್’ನಲ್ಲಿ ನರ್ಮದೆಯ ಮುಖದ ಈ ಭರತದ ಆರ್ಭಟವನ್ನು ವಿವರವಾಗಿ ಹೇಳಿದ್ದಾನೆ. ಬರುಗಾಜಾ, ಅಂದರೆ ಇಂದಿನ ಭರೂಚ್‌ಗೆ ಬರುವ ಹಡಗುಗಳಿಗೆ ದಾರಿ ತೋರಿಸಲು ರಾಜನ ಕಡೆಯಿಂದ ಸ್ಥಳೀಯ ಮೀನುಗಾರರನ್ನು ನೇಮಿಸಿದ್ದರಂತೆ. ಅಲಂಗ್‌ನಲ್ಲಿ 1983ರಿಂದ ನಡೆಯುತ್ತಿರುವ ಹಡಗು ಒಡೆಯುವ ಕೆಲಸಕ್ಕೂ ಇದೇ ಭರತವೇ ಬಂಡವಾಳ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತ ಕಾದು ದೈತ್ಯ ಹಡಗನ್ನು ಪೂರ್ತಿ ವೇಗದಲ್ಲಿ ದಂಡೆಗೆ ಏರಿಸುತ್ತಾರೆ, ನೀರು ಇಳಿದ ಮೇಲೆ ಅದು ಅಲ್ಲೇ ಉಳಿಯುತ್ತದೆ.

ಆಮೇಲೆ ಶಬ್ದದ ಮಾಪಕಗಳು ಬಂದವು. ತಳದಲ್ಲಿ ಚೌಕಟ್ಟಿನ ಮೇಲೆ ಕೂತು ಮೇಲ್ಮುಖವಾಗಿ ನಾಲ್ಕು ದಿಕ್ಕಿಗೆ ಶಬ್ದ ಬಿಡುತ್ತವೆ. ನೀರಿನಲ್ಲಿ ತೇಲುವ ಕಣಗಳಿಗೆ ತಾಗಿ ಬಂದ ಮಾರ್ದನಿಯ ಸ್ವರ ಎಷ್ಟು ಬದಲಾಗಿದೆ ಎನ್ನುವುದರಿಂದ ಆ ಕಣಗಳು, ಅಂದರೆ ನೀರು, ಎಷ್ಟು ವೇಗದಲ್ಲಿ ಓಡುತ್ತಿವೆ ಎಂದು ಲೆಕ್ಕ ಹಾಕುತ್ತವೆ. ತಿರುಗುವ ಪೀಪಾಯಿಯಿಲ್ಲ, ಮಲಗುವ ಹಗ್ಗವಿಲ್ಲ, ತಳದಿಂದ ಮೇಲಿನವರೆಗೆ ಪ್ರತಿ ಮೀಟರಿನ ಓಟವೂ ಒಂದೇ ಸಲಕ್ಕೆ. ಮೊದಲ ಚಿತ್ರ ಪರದೆಯ ಮೇಲೆ ಬಂದಾಗ ಮೇಲೆ ಹೊರಗೆ ಕೆಳಗೆ ಒಳಗೆ ಎಂದು ಕಾಕಾ ಹೇಳಿದ್ದು ಬಣ್ಣ ಬಣ್ಣವಾಗಿ ಕಂಡಿತು. ಆದರೆ ಈ ಮಾಪಕಕ್ಕೂ ಒಂದು ಮಿತಿಯುಂಟು. ಶಬ್ದದ ಕಿರಣಗಳು 20 ಡಿಗ್ರಿ ಓರೆ ಇರುವುದರಿಂದ ಮೇಲ್ಮೈಯ ಹತ್ತಿರದ ಸುಮಾರು ನೂರಕ್ಕೆ ಆರು ಭಾಗವನ್ನು ಅದು ಸರಿಯಾಗಿ ನೋಡಲಾರದು, ಅಲ್ಲಿ ಮೇಲ್ಮೈಯ ಗಟ್ಟಿ ಮಾರ್ದನಿ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಹತ್ತು ಮೀಟರ್ ಆಳದಲ್ಲಿ ಅದು ಮೇಲಿನ ಅರ್ಧ ಮೀಟರಿಗೂ ಹೆಚ್ಚು. ಚೆಲ್ಲಿದ ಎಣ್ಣೆ, ಕೊಚ್ಚಿಹೋದ ಬಲೆ, ನೀರಿಗೆ ಬಿದ್ದ ಮನುಷ್ಯ ಎಲ್ಲ ತೇಲುವುದು ಆ ಅರ್ಧ ಮೀಟರಿನಲ್ಲೇ. ಅದಕ್ಕಾಗಿ ತೇಲುಬುರುಡೆ ಬಿಟ್ಟು ಹಿಂದೆ ದೋಣಿಯಲ್ಲಿ ಹೋಗುವ ಹಳೆಯ ಪದ್ಧತಿಯನ್ನು ನಾವು ಬಿಡಲಿಲ್ಲ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ದಂಡೆಯಲ್ಲಿ ಒಂದು ತಡೆಗೋಡೆ ಬೇಕು, ಒಂದು ಜೆಟ್ಟಿ ಬೇಕು, ಹೂಳೆತ್ತಬೇಕು ಎಂದಾಗ ವರದಿಗೆ ಬೇಕಾದ ಅಳತೆಗೆಂದು ಹದಿನೈದು ದಿನ ಕೊಡುತ್ತಾರೆ. ಆ ಹದಿನೈದು ದಿನವೂ ಬರುವುದು ಡಿಸೆಂಬರಿನಲ್ಲೋ ಫೆಬ್ರುವರಿಯಲ್ಲೋ, ಕಡಲು ಶಾಂತ ಇದ್ದಾಗ. ಭರತ-ಇಳಿತದ ಮುಖ್ಯ ಎಳೆಗಳಿಗೆ ಅಷ್ಟು ಸಾಕು ಎಂದು ಲೆಕ್ಕವೇ ಹೇಳುತ್ತದೆ ನಿಜ, ಆದರೆ ನಮ್ಮ ಕರಾವಳಿಯಲ್ಲಿ ಮರಳು ಸರಿಯುವುದು, ಅಳಿವೆಯ ಬಾಯಿ ಬದಲಾಗುವುದು, ದೋಣಿ ಮಗುಚುವುದು ಎಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೊನ್ನಾವರದ ಶರಾವತಿಯ ಬಾಯಿಯಲ್ಲಿ ಮರಳಿನ ದಿಬ್ಬ ಎಲ್ಲಿದೆ ಎಂದು ಮೇ ತಿಂಗಳಲ್ಲಿ ನೋಡಿದವರು ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಳೆಯಲೇಬೇಕಾದ ತಿಂಗಳುಗಳನ್ನು ಬಿಟ್ಟು, ಅಳೆಯಲು ಸುಲಭವಾದ ತಿಂಗಳುಗಳನ್ನು ಅಳೆದು ಮಾಡಿದ ತೀರ್ಮಾನದ ಮೇಲೆ ಕಲ್ಲು ಸುರಿದರೆ ಪಕ್ಕದ ಊರಿನ ದಂಡೆ ಕೊಚ್ಚಿಹೋಗುತ್ತದೆ. ಇದನ್ನು ಸಭೆಗಳಲ್ಲಿ ನಾನು ಸಾಕಷ್ಟು ಸಲ ಹೇಳಿದ್ದೇನೆ. ದುಡ್ಡಿಲ್ಲ, ಸಮಯವಿಲ್ಲ ಎನ್ನುವ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಕಟ್ಟುವ ಗೋಡೆಯ ಖರ್ಚಿನ ಮುಂದೆ ಒಂದು ವರ್ಷದ ಅಳತೆಯ ಖರ್ಚು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹೇಗೆ ಮಾಡಬಹುದು ಎಂದು ತೋರಿಸಲೆಂದೇ ನಾವು ಒಂದು ಸಲ ಕಾಳಿಯ ಬಾಯಲ್ಲಿ ಮಳೆಗಾಲ ಪೂರ್ತಿ ಮಾಪಕ ಇಟ್ಟೆವು. ಮೀನುಗಾರಿಕೆಯ ನಿಷೇಧ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಇಳಿಸಿದ್ದು. ಟ್ರಾಲರುಗಳು ದಂಡೆಗೆ ಬರುವ ಹೊತ್ತು, ಹಾಗಾಗಿ ಆ ಭಯ ಅಷ್ಟು ಕಡಿಮೆ. ಉಳಿದದ್ದು ಕೆಸರು ಮತ್ತು ಅಲೆ. ಚೌಕಟ್ಟನ್ನು ಅಗಲವಾಗಿ, ತಗ್ಗಾಗಿ ಮಾಡಿಸಿ ಭಾರ ಹೆಚ್ಚಿಸಿದ್ದೆವು. ಮಳೆ ಕಡಿಮೆಯಾದ ಮೇಲೆ ಮುಳುಗುಗಾರರು ಇಳಿದಾಗ ಚೌಕಟ್ಟಿನ ಅರ್ಧ ಕೆಸರಿನಲ್ಲಿ ಹೂತಿತ್ತು, ಮಾಪಕದ ಮುಖ ಮಾತ್ರ ಮೇಲಿತ್ತು. ದಾಖಲೆ ಪೂರ್ತಿ ಸಿಕ್ಕಿತು. ಜುಲೈನ ದೊಡ್ಡ ಮಳೆಯ ದಿನಗಳಲ್ಲಿ ಮಟ್ಟ ಎಂದಿನಂತೆ ದಿನಕ್ಕೆರಡು ಸಲ ಏರಿಳಿಯುತ್ತಿದೆ, ಆದರೆ ಮೇಲ್ಭಾಗದ ನೀರು ಒಳಗೆ ತಿರುಗುವುದೇ ಇಲ್ಲ. ಭರತದ ಹೊತ್ತಿಗೂ ಹೊರಗೇ, ಇಳಿತದ ಹೊತ್ತಿಗೆ ಇನ್ನೂ ಜೋರಾಗಿ ಹೊರಗೇ. ತಳದಲ್ಲಿ ಮಾತ್ರ ಭರತದ ಕೊನೆಗೆ ಸ್ವಲ್ಪ ಹೊತ್ತು ಉಪ್ಪುನೀರು ಒಳಗೆ ತೆವಳುತ್ತದೆ. ಇಳಿತದ ಆ ಹೊರ ಓಟ ಎದುರಿನಿಂದ ಬರುವ ಮುಂಗಾರಿನ ಅಲೆಗೆ ಡಿಕ್ಕಿಯಾದಾಗ ಅಲೆ ಕಿರಿದಾಗಿ ಕಡಿದಾಗಿ ಎದ್ದು ಬಾಯಲ್ಲೇ ಒಡೆಯುತ್ತದೆ.

ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಬೈತಖೋಲದ ಧಕ್ಕೆಗೆ ಒಯ್ದೆ. ಕಾಕಾ ಆ ಹೊತ್ತಿಗೆ ದೋಣಿ ಮಗನಿಗೆ ಬಿಟ್ಟಿದ್ದರು. ಅವರ ಮಗ ಮತ್ತು ಅವನ ಓರಗೆಯ ಹುಡುಗರು ಸುತ್ತ ನಿಂತು ಕೇಳಿದ್ದು ಒಂದೇ ಪ್ರಶ್ನೆ: ‘ಅಕ್ಕಾ, ಒಳಗೆ ಬರೋಕೆ ಯಾವ ಹೊತ್ತು ಒಳ್ಳೇದು?’ ಭರತದ ಕೊನೆಯ ಒಂದೆರಡು ಗಂಟೆ, ನೀರು ತಿರುಗುವ ಮೊದಲು, ಎಂದು ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ‘ಅದು ನಮಗೆ ಗೊತ್ತು. ನಡುರಾತ್ರಿ ಎಂಜಿನ್ ಕೆಟ್ಟು ಹೊತ್ತು ತಪ್ಪಿದ್ರೆ?’ ಎಂದ ಒಬ್ಬ. ಅವನ ಆ ಪ್ರಶ್ನೆಗೆಂದೇ ನಾವು ಮುಂದಿನ ಮಳೆಗಾಲಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರತಿ ದಿನಕ್ಕೂ ಬಾಯಿ ದಾಟಬಾರದ ಗಂಟೆಗಳ ಪಟ್ಟಿ ಮಾಡಿದೆವು. ತಿಥಿಯನ್ನೂ ತಾರೀಕನ್ನೂ ಅಕ್ಕಪಕ್ಕ ಹಾಕಿ, ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆಸಿ, ದೋಣಿಯ ಒಳಗೆ ಅಂಟಿಸಲು ಬರುವಂತೆ ಪ್ಲಾಸ್ಟಿಕ್ ಹೊದಿಸಿ ಕೊಟ್ಟೆವು. ಈಗ ಆ ಲೆಕ್ಕವನ್ನು ನನ್ನ ಜೊತೆ ಕೆಲಸ ಮಾಡಿದ ಕಿರಿಯರು ಪ್ರತಿ ವರ್ಷ ಮಾಡುತ್ತಾರೆ. ಶರಾವತಿಯ ಬಾಯಿಗೂ ಅಂಥದೇ ಬೇಕೆಂದು ಹೊನ್ನಾವರದವರು ಕೇಳಿದ್ದಾರೆ, ಆದರೆ ಅಲ್ಲಿ ಮಳೆಗಾಲದ ಅಳತೆ ಇನ್ನೂ ಆಗಬೇಕು.